ಮಾತು ಬಂದ ಗಳಿಗೆ

ನಮ್ಮ ದೊಡ್ಡಪ್ಪನಿಗೆ ಮೂವತ್ತು ಚಿಲ್ಲರೆ ವರ್ಷಗಳಿಂದ ಒಂದು ತಕರಾರು ಇದೆ. 1987ರ ಮಳೆಗಾಲದಲ್ಲಿ ನಮ್ಮೂರಿನ ಭಜನಾ ಮಂದಿರದಲ್ಲಿ ‘ವಾಲಿವಧೆ’ ತಾಳಮದ್ದಳೆ ನಡೆದಿತ್ತು. ವಾಲಿಯ ಅರ್ಥ ಅವರದು. ರಾಮನಾಗಿ ಕೂತವರು ಪಕ್ಕದ ಊರಿನ ಶಾಲೆಯ ಮಾಸ್ಟ್ರು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳುವ ಘಟ್ಟದಲ್ಲಿ, ಇವರು ತಮ್ಮ ಮುಖ್ಯ ಮಾತನ್ನು ಆಡಿ ಮುಗಿಸುವ ಮೊದಲೇ ಮಾಸ್ಟ್ರು ಬಾಯಿ ಹಾಕಿದರಂತೆ. ‘ಮಾತು ಮುಗಿಸ್ಲಿಕ್ಕೆ ಬಿಡ್ಲಿಲ್ಲ ಮಾರಾಯ್ತಿ’ ಎಂಬ ವಾಕ್ಯವನ್ನು ನಾನು ಬುದ್ಧಿ ಬಂದಾಗಿನಿಂದ ಕೇಳುತ್ತಿದ್ದೇನೆ. ಮಾಸ್ಟ್ರು ಈಗಿಲ್ಲ. ದೊಡ್ಡಪ್ಪನಿಗೆ ಎರಡೂ ಕಿವಿ ಕೇಳುವುದಿಲ್ಲ. ಆದರೆ ಆ ರಾತ್ರಿಯ ಕ್ಯಾಸೆಟ್ ಇದೆ.

ನನ್ನ ಪಿಎಚ್‌ಡಿಯ ವಿಷಯ ತಾಳಮದ್ದಳೆಯ ಧ್ವನಿಮುದ್ರಣಗಳು. ವೇಷವಿಲ್ಲದ, ಕುಣಿತವಿಲ್ಲದ, ಭಾಗವತರ ಪದ ಮತ್ತು ಕೂತವರ ಮಾತಿನಲ್ಲೇ ನಡೆಯುವ ಈ ಕಲೆಗೆ ಕ್ಯಾಸೆಟ್ಟಿಗಿಂತ ಒಳ್ಳೆಯ ದಾಖಲೆ ಇರಲಾರದು ಎಂದು ನಾನು ನಂಬಿದ್ದೆ. ಹಾಗಾಗಿ ನಮ್ಮ ಮನೆಯ ಕ್ಯಾಸೆಟ್ಟನ್ನೂ ಕಂಪ್ಯೂಟರಿಗೆ ಇಳಿಸಿ, ಎರಡು ತಿಂಗಳು ಕೂತು ಅಕ್ಷರಕ್ಕೆ ತಂದು, ಪ್ರಿಂಟ್ ತೆಗೆದು ದೊಡ್ಡಪ್ಪನ ಕೈಗೆ ಕೊಟ್ಟೆ. ಅವರು ಎರಡು ದಿನ ಓದಿದರು. ಆಮೇಲೆ ಹಾಳೆಗಳನ್ನು ಮೇಜಿನ ಮೇಲಿಟ್ಟು ಹೇಳಿದರು: ‘ಇದರಲ್ಲಿ ಎಲ್ಲ ಉಂಟು. ಹೊತ್ತು ಮಾತ್ರ ಇಲ್ಲ.’

ಅವರ ಮಾತು ಸರಿಯಾಗಿತ್ತು. ಕಾಗದದ ಮೇಲೆ ಒಬ್ಬರ ಮಾತು ಮುಗಿದ ನಂತರವೇ ಇನ್ನೊಬ್ಬರ ಮಾತು ಶುರುವಾಗುತ್ತದೆ. ಬಾಯಿ ಹಾಕುವುದು ಸಾಧ್ಯವೇ ಇಲ್ಲ. ಪ್ರಶ್ನೆ ಕೇಳಿದ ನಂತರ ಸಭೆಯನ್ನು ಕಾಯಿಸಿದ ಆ ಮೌನ ಎರಡು ಸೆಕೆಂಡಿನದೋ ಹತ್ತು ಸೆಕೆಂಡಿನದೋ, ಅಚ್ಚಿನಲ್ಲಿ ತಿಳಿಯುವುದಿಲ್ಲ.

ಹಾಗಾದರೆ ಮಾತು ಬಂದ ಗಳಿಗೆಗೇ ಅಕ್ಷರವೂ ಬರುವಂತೆ ಮಾಡೋಣ ಎಂದು ಹೊರಟೆ. ಪ್ರತಿ ಸಾಲಿಗೂ ಅದು ಶುರುವಾಗುವ ಮತ್ತು ಮುಗಿಯುವ ಸಮಯ ಬರೆದು ಒಂದು ಕ್ಯಾಪ್ಶನ್ ಫೈಲ್ ಮಾಡಿದೆ. ಒಂದು ಸಣ್ಣ ವೆಬ್ ಪುಟದಲ್ಲಿ ಆಡಿಯೋ ಇಟ್ಟು, ಅದಕ್ಕೆ ಆ ಫೈಲನ್ನು ಜೋಡಿಸಿದೆ. ಮದ್ದಳೆ ಕೇಳಿಸಿತು, ಭಾಗವತರು ಹಾಡಿದರು, ಒಂದಕ್ಷರವೂ ಮೂಡಲಿಲ್ಲ. ಅದೇ ಫೈಲನ್ನು ಒಂದು ವಿಡಿಯೋಗೆ ಜೋಡಿಸಿದರೆ ಅಕ್ಷರಗಳು ಕೆಳಗೆ ಸಲೀಸಾಗಿ ಬರುತ್ತಿದ್ದವು. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ತಪ್ಪು ನನ್ನದಲ್ಲ. ಬ್ರೌಸರ್ ಕ್ಯಾಪ್ಶನ್ನನ್ನು ಬರೆಯುವುದು ಚಿತ್ರದ ಮೇಲೆ. ಆಡಿಯೋಗೆ ಚಿತ್ರವೇ ಇಲ್ಲ, ಆದ್ದರಿಂದ ಬರೆಯಲು ಜಾಗವಿಲ್ಲ.

ಅಕ್ಷರಕ್ಕೆ ಚಿತ್ರದ ಅಡಿಯಲ್ಲಿ ಮಾತ್ರ ಜಾಗ ಎಂದು ತೀರ್ಮಾನವಾದದ್ದು ಯಾವಾಗ? ಪ್ರಬಂಧದ ಅಧ್ಯಾಯ ಬದಿಗಿಟ್ಟು ನಾನು ಇದರ ಹಿಂದೆ ಬಿದ್ದೆ. (ನನ್ನ ಮಾರ್ಗದರ್ಶಕರು ಇದನ್ನು ಓದದಿರಲಿ.)

ಮೂಕಿ ಸಿನಿಮಾದ ಕಾಲದಲ್ಲಿ ಕಿವಿ ಕೇಳುವವರಿಗೂ ಕೇಳದವರಿಗೂ ಟಿಕೆಟ್ಟು ಒಂದೇ, ಸಿನಿಮಾವೂ ಒಂದೇ. ದೃಶ್ಯಗಳ ನಡುವೆ ಬರುವ ಬರಹದ ಫಲಕಗಳನ್ನು ಎಲ್ಲರೂ ಓದುತ್ತಿದ್ದರು. 1927ರಲ್ಲಿ ‘ದಿ ಜಾಝ್ ಸಿಂಗರ್’ ಬಂದು ಟಾಕಿಯ ಯುಗ ಶುರುವಾದ ಮೇಲೆ ಫಲಕಗಳು ಹೋದವು, ಅವುಗಳ ಜೊತೆಗೆ ಕಿವುಡ ಪ್ರೇಕ್ಷಕರೂ ಹೊರಬಿದ್ದರು. ಕ್ಯೂಬಾದಲ್ಲಿ ಹುಟ್ಟಿದ ಎಮರ್ಸನ್ ರೊಮೆರೊ ಎಂಬ ಕಿವುಡ ನಟ ಅಮೆರಿಕದ ಮೂಕಿ ಚಿತ್ರಗಳಲ್ಲಿ ಅಭಿನಯಿಸುತ್ತಿದ್ದವನು. ಟಾಕಿ ಬಂದು ಅವನ ಕೆಲಸ ಹೋಯಿತು. 1947ರಲ್ಲಿ ಅವನು ಸಿನಿಮಾ ರೀಲುಗಳನ್ನು ತಂದು, ಅವುಗಳನ್ನು ಅಲ್ಲಲ್ಲಿ ಕತ್ತರಿಸಿ, ಮಾತಿನ ಫಲಕಗಳನ್ನು ನಡುವೆ ಅಂಟಿಸಿ, ಕಿವುಡರ ಸಂಘಗಳಿಗೆ ಬಾಡಿಗೆಗೆ ಕೊಡತೊಡಗಿದ. ಓದುವುದಕ್ಕೆ ಚಿತ್ರ ನಿಲ್ಲಬೇಕಿತ್ತು. ಫಲಕ ಬಂದಾಗಲೆಲ್ಲ ಧ್ವನಿಯೂ ತುಂಡಾಗುತ್ತಿತ್ತು. ಒರಟು ಉಪಾಯವೇ, ಆದರೆ ಅದನ್ನು ಮಾಡಿದವನು ಸ್ಟುಡಿಯೋದವನಲ್ಲ, ಕಿವುಡ ಪ್ರೇಕ್ಷಕ. ಕನೆಕ್ಟಿಕಟ್‌ನ ವೆಸ್ಟ್ ಹಾರ್ಟ್‌ಫರ್ಡ್‌ನಲ್ಲಿರುವ ಕಿವುಡರ ಶಾಲೆಯವರು ಇನ್ನೂ ಮುಂದೆ ಹೋಗಿ ಚಿತ್ರದ ಮೇಲೆಯೇ ಅಕ್ಷರ ಮೂಡಿಸಿದ ಪ್ರತಿಗಳನ್ನು ಹಂಚಿದರು. 1958ರಲ್ಲಿ ಅಮೆರಿಕದ ಸರ್ಕಾರ ಕಾನೂನು ಮಾಡಿ ಆ ಕೆಲಸವನ್ನು ತಾನೇ ವಹಿಸಿಕೊಂಡಿತು.

ಟೆಲಿವಿಷನ್ನಿನ ಕಥೆ ಇದಕ್ಕಿಂತ ವಿಚಿತ್ರ. ನನಗೆ ಈ ಹುಡುಕಾಟದಲ್ಲಿ ಸಿಕ್ಕಿದ ಅತ್ಯಂತ ಖುಷಿಯ ಸಂಗತಿಯೂ ಅಲ್ಲಿಯದೇ. 1970ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಎಂಬ ಸರ್ಕಾರಿ ಸಂಸ್ಥೆ ಟಿವಿ ಸಿಗ್ನಲ್ಲಿನೊಳಗೆ ನಿಖರವಾದ ಗಡಿಯಾರದ ಸಮಯವನ್ನು ಅಡಗಿಸಿ ದೇಶಕ್ಕೆಲ್ಲ ಕಳಿಸಬಹುದೇ ಎಂದು ಪ್ರಯೋಗ ಮಾಡುತ್ತಿತ್ತು. ಜೊತೆಗೂಡಿದ್ದು ಎಬಿಸಿ ವಾಹಿನಿ. ಪ್ರಯೋಗ ಕೈಗೂಡಲಿಲ್ಲ. ಆದರೆ ಸಮಯವನ್ನು ಅಡಗಿಸಬಹುದಾದ ಜಾಗದಲ್ಲಿ ಮಾತನ್ನು ಯಾಕೆ ಅಡಗಿಸಬಾರದು ಎಂಬ ಯೋಚನೆ ಎಬಿಸಿಯವರಿಗೆ ಬಂತು. 1971ರಲ್ಲಿ ನ್ಯಾಶ್‌ವಿಲ್‌ನಲ್ಲಿ, ಮರುವರ್ಷ ವಾಷಿಂಗ್ಟನ್ನಿನ ಗ್ಯಾಲಡೆಟ್ ಕಾಲೇಜಿನಲ್ಲಿ ಇದರ ಪ್ರಾತ್ಯಕ್ಷಿಕೆಗಳು ನಡೆದವು. ಅಂದರೆ ಇಂದಿನ ಕ್ಯಾಪ್ಶನ್ ಹುಟ್ಟಿದ್ದು ಒಂದು ಸೋತ ಗಡಿಯಾರದಿಂದ. ದೊಡ್ಡಪ್ಪನಿಗೆ ಇದನ್ನು ಕಾಗದದಲ್ಲಿ ಬರೆದು ತೋರಿಸಿದಾಗ ಅವರು ‘ಮತ್ತೆ?’ ಎಂದು ನಕ್ಕರು, ಮೊದಲೇ ಗೊತ್ತಿದ್ದವರ ಹಾಗೆ.

ಆ ಜಾಗ ಯಾವುದೆಂದರೆ, ಹಳೆಯ ಪಿಕ್ಚರ್ ಟ್ಯೂಬಿನ ಟಿವಿಯಲ್ಲಿ ಒಂದು ಕಿರಣ ಪರದೆಯನ್ನು ಗೆರೆಗೆರೆಯಾಗಿ ಮೇಲಿನಿಂದ ಕೆಳಕ್ಕೆ ಬರೆಯುತ್ತಿತ್ತು. ಕೆಳಗೆ ಮುಟ್ಟಿದ ಮೇಲೆ ಮತ್ತೆ ಮೇಲಕ್ಕೆ ಹೋಗಲು ಅದಕ್ಕೆ ಸ್ವಲ್ಪ ಹೊತ್ತು ಬೇಕು. ಆ ಹೊತ್ತಿನಲ್ಲಿ ಬರುವ ಗೆರೆಗಳು ಖಾಲಿ, ನೋಡುವವರಿಗೆ ಕಾಣುವುದಿಲ್ಲ. ಅಮೆರಿಕದ 525 ಗೆರೆಗಳ ಟಿವಿಯಲ್ಲಿ ಇಂಥ ಖಾಲಿ ಗೆರೆಗಳಲ್ಲೊಂದಾದ 21ನೆಯದನ್ನು 1976ರಲ್ಲಿ ಕ್ಯಾಪ್ಶನ್‌ಗೆ ಮೀಸಲಿಟ್ಟರು. ಒಂದು ಚಿತ್ರಕ್ಕೆ ಎರಡೇ ಅಕ್ಷರ. ಸೆಕೆಂಡಿಗೆ ಸುಮಾರು ಮೂವತ್ತು ಚಿತ್ರವಾದ್ದರಿಂದ ಅರವತ್ತು ಅಕ್ಷರ, ಮಾತಿನ ವೇಗಕ್ಕೆ ಸಾಕಾದೀತು.

ಈ ನಡುವೆ 1972ರಲ್ಲಿ ಬೋಸ್ಟನ್ನಿನ ಡಬ್ಲ್ಯುಜಿಬಿಎಚ್ ಕೇಂದ್ರ ಜೂಲಿಯಾ ಚೈಲ್ಡ್ ಅವರ ‘ದಿ ಫ್ರೆಂಚ್ ಶೆಫ್’ ಅಡುಗೆ ಕಾರ್ಯಕ್ರಮಕ್ಕೆ ಎಲ್ಲರಿಗೂ ಕಾಣುವಂಥ ಅಕ್ಷರ ಹಾಕಿ ಪ್ರಸಾರ ಮಾಡಿತ್ತು. ಇಂಥದಕ್ಕೆ ‘ತೆರೆದ’ ಕ್ಯಾಪ್ಶನ್ ಎಂದು ಹೆಸರು. ಬೇಕಾದವರಿಗೆ ಮಾತ್ರ ಕಾಣುವುದು ‘ಮುಚ್ಚಿದ’ ಕ್ಯಾಪ್ಶನ್. ಗೆದ್ದದ್ದು ಎರಡನೆಯದು. 1980ರ ಮಾರ್ಚ್ 16ರಂದು ಅದು ನಿಯಮಿತವಾಗಿ ಶುರುವಾಯಿತು. ನೋಡಬೇಕಾದರೆ ಸಿಯರ್ಸ್ ಅಂಗಡಿಯಿಂದ ಒಂದು ಡಿಕೋಡರ್ ಪೆಟ್ಟಿಗೆ ಕೊಂಡು ಟಿವಿಗೆ ಜೋಡಿಸಬೇಕಿತ್ತು. ಕೇಳುವವರ ಕಣ್ಣಿಗೆ ತೊಂದರೆಯಾಗಬಾರದೆಂದು ಕೇಳದವರು ದುಡ್ಡು ಕೊಟ್ಟು ಪೆಟ್ಟಿಗೆ ತರಬೇಕು ಎನ್ನುವ ಈ ಲೆಕ್ಕಾಚಾರ ನನಗೆ ಇಂದಿಗೂ ಸರಿ ಕಾಣುವುದಿಲ್ಲ. ಅದನ್ನು ಸರಿಪಡಿಸಲು 1990ರ ಕಾನೂನು ಬೇಕಾಯಿತು. ಅದರಂತೆ 1993ರ ಜುಲೈಯಿಂದ ಅಮೆರಿಕದಲ್ಲಿ ಮಾರಾಟಕ್ಕೆ ತಯಾರಾಗುವ 13 ಇಂಚು ಮತ್ತು ಅದಕ್ಕೂ ದೊಡ್ಡ ಟಿವಿಗಳ ಹೊಟ್ಟೆಯಲ್ಲೇ ಡಿಕೋಡರ್ ಇರಬೇಕಾಯಿತು. ಬ್ರಿಟನ್ನಿನಲ್ಲಿ ಬಿಬಿಸಿಯ ಸೀಫ್ಯಾಕ್ಸ್ ಬೇರೆ ದಾರಿ ಹಿಡಿಯಿತು. ಅಲ್ಲಿ ರಿಮೋಟಿನಲ್ಲಿ 888 ಒತ್ತಿದರೆ ಅಕ್ಷರ ಬರುತ್ತಿತ್ತು.

ನಮ್ಮಲ್ಲಿ ಇದು ಬೇರೆಯೇ ಬಾಗಿಲಿನಿಂದ ಒಳಬಂತು. 1996ರಲ್ಲಿ ಅಹಮದಾಬಾದಿನ ಐಐಎಂನಲ್ಲಿ ಬ್ರಿಜ್ ಕೊಠಾರಿ ಸಿನಿಮಾ ಹಾಡುಗಳಿಗೆ ಅದೇ ಭಾಷೆಯ ಸಬ್‌ಟೈಟಲ್ ಹಾಕುವ ಯೋಚನೆಯ ಮೇಲೆ ಕೆಲಸ ಶುರುಮಾಡಿದರು. 1999ರಲ್ಲಿ ಗುಜರಾತಿ ದೂರದರ್ಶನದ ‘ಚಿತ್ರಗೀತ’ ಕಾರ್ಯಕ್ರಮದಲ್ಲಿ ಅದು ಬಂತು. ಉದ್ದೇಶ ಕಿವುಡುತನವಲ್ಲ, ಸಾಕ್ಷರತೆ. ಬಾಯಿಗೆ ಬರುವ ಹಾಡು ಕಣ್ಣಿಗೆ ಅಕ್ಷರವಾಗಿ ಕಂಡರೆ ಅರ್ಧ ಓದಲು ಕಲಿತವರು ಪೂರ್ತಿ ಕಲಿಯುತ್ತಾರೆ ಎಂಬ ನಂಬಿಕೆ. ಹಾಡಿನ ಪದ ಬಂದ ಗಳಿಗೆಗೆ ಆ ಪದದ ಬಣ್ಣ ಬದಲಾಗುತ್ತಿತ್ತು. ಅಲ್ಲಿಯೂ ಕೆಲಸ ಮಾಡಿದ್ದು ‘ಹೊತ್ತು’. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ 42ನೆಯ ಸೆಕ್ಷನ್ನಿನಲ್ಲಿ ಕ್ಯಾಪ್ಶನ್ನಿನ ಹೆಸರೆತ್ತಿದ್ದಾರೆ. ನಮ್ಮ ಕನ್ನಡ ವಾಹಿನಿಗಳನ್ನು ನೋಡುವವರಿಗೆ ಮುಂದಿನದನ್ನು ನಾನು ಹೇಳಬೇಕಾಗಿಲ್ಲ.

ಇಲ್ಲಿಯವರೆಗಿನ ಎಲ್ಲ ಏರ್ಪಾಟುಗಳಲ್ಲೂ ಒಂದು ಸಮಾನ ಅಂಶವಿದೆ. ಸಾಲು ಬಂದ ಗಳಿಗೆ ಗೊತ್ತಾಗುವುದು ಯಂತ್ರಕ್ಕೆ ಮಾತ್ರ. ಪೆಟ್ಟಿಗೆ ಗೆರೆಯಿಂದ ಅಕ್ಷರ ಎತ್ತಿಕೊಂಡು ಚಿತ್ರದ ಮೇಲೆ ಬರೆದುಬಿಡುತ್ತದೆ. ‘ಈಗ ಸಾಲು ಬದಲಾಯಿತು’ ಎಂದು ಅದು ಇನ್ಯಾರಿಗೂ ಹೇಳುವುದಿಲ್ಲ.

ವೆಬ್ಬಿಗೆ ಬರೋಣ. 2007ರಲ್ಲಿ ಒಪೆರಾ ಕಂಪನಿಯವರು ಎಚ್‌ಟಿಎಂಎಲ್‌ಗೆ ‘ವಿಡಿಯೋ’ ಎಂಬ ಹೊಸ ಟ್ಯಾಗ್ ಸೇರಿಸೋಣ ಎಂದು ಸೂಚಿಸಿದರು. ಅದು ಸೇರಿತು. ಅದರ ಜೊತೆಗೆ ಕ್ಯಾಪ್ಶನ್ ಹೇಗಿರಬೇಕು ಎಂಬುದು ಮಾತ್ರ ವರ್ಷಗಟ್ಟಲೆ ಇತ್ಯರ್ಥವಾಗಲಿಲ್ಲ. ಟಾಕಿಯ ಕಥೆಯೇ ಮತ್ತೊಮ್ಮೆ ನಡೆಯಿತು ಎನ್ನಬಹುದು. ಹೊಸದು ಮೊದಲು ಬರುತ್ತದೆ, ಕಿವುಡರ ನೆನಪು ಆಮೇಲೆ ಬರುತ್ತದೆ. ಅಮೆರಿಕದ ಕಿವುಡರ ರಾಷ್ಟ್ರೀಯ ಸಂಘ 2011ರಲ್ಲಿ ನೆಟ್‌ಫ್ಲಿಕ್ಸ್ ಮೇಲೆ ದಾವೆ ಹೂಡಿತು. ಮರುವರ್ಷ ರಾಜಿಯಾಗಿ, 2014ರೊಳಗೆ ಎಲ್ಲಕ್ಕೂ ಕ್ಯಾಪ್ಶನ್ ಹಾಕುವುದಾಗಿ ಕಂಪನಿ ಒಪ್ಪಿತು. ಯೂಟ್ಯೂಬಿನಲ್ಲಿ 2009ರಿಂದ ಯಂತ್ರವೇ ಕ್ಯಾಪ್ಶನ್ ಬರೆಯುವ ವ್ಯವಸ್ಥೆ ಬಂತಲ್ಲ, ಅದರ ಹಿಂದೆಯೂ ಕೆನ್ ಹ್ಯಾರೆನ್‌ಸ್ಟೀನ್ ಎಂಬ ಕಿವುಡ ಎಂಜಿನಿಯರ್ ಇದ್ದರು.

ವೆಬ್ಬಿನ ಕ್ಯಾಪ್ಶನ್ ಫೈಲ್ ಹೇಗಿರಬೇಕೆಂಬ ಹಗ್ಗಜಗ್ಗಾಟದಲ್ಲಿ ಒಂದು ಕಡೆ ಟಿವಿ ಉದ್ಯಮಕ್ಕೆ ಒಗ್ಗುವ, ನಿಯಮಗಳಿಂದ ಭಾರವಾದ ಟಿಟಿಎಂಎಲ್ ಇತ್ತು. ಇನ್ನೊಂದು ಕಡೆ ಎಸ್‌ಆರ್‌ಟಿ. ಡೌನ್‌ಲೋಡ್ ಮಾಡಿ ಸಿನಿಮಾ ನೋಡಿದ ನನ್ನ ಓರಗೆಯವರಿಗೆ ಇದರ ಪರಿಚಯ ಬೇಡ. ಡಿವಿಡಿಯೊಳಗಿನ ಸಬ್‌ಟೈಟಲ್‌ಗಳನ್ನು ಚಿತ್ರದಿಂದ ಓದಿ ಹೊರತೆಗೆಯುವ ಸಬ್‌ರಿಪ್ ಎಂಬ ಸಾಫ್ಟ್‌ವೇರ್ ಇತ್ತು, ಅದು ಬರೆದಿಡುತ್ತಿದ್ದ ಸರಳ ಫೈಲ್ ಇದು. ಒಂದು ಸಂಖ್ಯೆ, ಶುರುವಾಗುವ ಮತ್ತು ಮುಗಿಯುವ ಸಮಯ, ಕೆಳಗೆ ಮಾತು, ಅಷ್ಟೇ. 2010ರಲ್ಲಿ ವೆಬ್ಬಿಗೆ ಆರಿಸಿಕೊಂಡದ್ದು ಇದನ್ನೇ. ಸಿನಿಮಾ ಹುಚ್ಚರ ನಡುವೆ, ಕಳ್ಳ ಪ್ರತಿಗಳ ಜೊತೆ ತಿರುಗಾಡಿದ ಈ ಫೈಲು ಸ್ವಲ್ಪ ಬಟ್ಟೆ ಬದಲಿಸಿಕೊಂಡು ‘ವೆಬ್‌ವಿಟಿಟಿ’ ಎಂಬ ಹೆಸರಿನಲ್ಲಿ ಸಭ್ಯಸ್ಥನಾಯಿತು. ಸಬ್‌ರಿಪ್ ಫ್ರಾನ್ಸಿನಲ್ಲಿ ಬರೆದದ್ದಾದ್ದರಿಂದ ಅದರಲ್ಲಿ ಸೆಕೆಂಡಿನ ದಶಾಂಶಕ್ಕೆ ಅಲ್ಪವಿರಾಮ ಬಳಕೆಯಲ್ಲಿತ್ತು, ವೆಬ್‌ವಿಟಿಟಿಯಲ್ಲಿ ಚುಕ್ಕಿ. ಹಳೆಯ ಫೈಲಿಗೆ ಹೆಸರು ಮಾತ್ರ ಬದಲಿಸಿ ಜೋಡಿಸಿದರೆ ಏನೂ ಕಾಣಿಸದಿರುವುದಕ್ಕೆ ಈ ಅಲ್ಪವಿರಾಮವೂ ಒಂದು ಕಾರಣ.

ಇನ್ನೊಂದು ಬದಲಾವಣೆ ಕನ್ನಡಿಗರಿಗೆ ಮುಖ್ಯವಾದದ್ದು. ವೆಬ್‌ವಿಟಿಟಿ ಯೂನಿಕೋಡಿನ ಯುಟಿಎಫ್-8ರಲ್ಲೇ ಇರಬೇಕು. ನನ್ನ ಹಳೆಯ ಟಿಪ್ಪಣಿಗಳ ಅರ್ಧ ಭಾಗ ನುಡಿಯ ಹಳೆಯ ಫಾಂಟಿನಲ್ಲಿತ್ತು. ಅದು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷಿನ ಅಕ್ಷರ, ಚಿಹ್ನೆಗಳ ಚೆಲ್ಲಾಪಿಲ್ಲಿ. ಅದನ್ನು ಯೂನಿಕೋಡಿಗೆ ತಂದು, ಜಾರಿದ ಒತ್ತಕ್ಷರಗಳನ್ನು ಸರಿಮಾಡುವುದರಲ್ಲೇ ಒಂದು ವಾರ ಹೋಯಿತು.

ಫೈಲಿನ ಒಂದೊಂದು ಘಟಕಕ್ಕೂ ಇಂಗ್ಲಿಷಿನಲ್ಲಿ ‘ಕ್ಯೂ’ ಎಂದು ಹೆಸರು. ನಾಟಕದವರಿಗೆ ಈ ಪದ ಚೆನ್ನಾಗಿ ಗೊತ್ತು. ಎದುರಿನವನ ಕೊನೆಯ ಮಾತು ಕೇಳಿ ತನ್ನ ಮಾತು ಎತ್ತಿಕೊಳ್ಳುವ ಸೂಚನೆ ಅದು. ಪುಟಕ್ಕೆ ಆ ಸೂಚನೆ ತಲುಪುವ ಏರ್ಪಾಟೇ ‘ಕ್ಯೂಚೇಂಜ್’. ಒಂದು ಕ್ಯೂ ಶುರುವಾದಾಗಲೂ ಮುಗಿದಾಗಲೂ ಬ್ರೌಸರ್ ಪುಟದ ಜಾವಾಸ್ಕ್ರಿಪ್ಟಿಗೆ ‘ಬದಲಾಯಿತು’ ಎಂದು ಹೇಳುತ್ತದೆ. ಅದಕ್ಕೆ ಮೊದಲು ಪುಟ ಬರೆಯುವವರು ‘ಈಗ ಎಷ್ಟು ಹೊತ್ತಾಯಿತು’ ಎಂಬ ಸುದ್ದಿ ಬಂದಾಗಲೆಲ್ಲ ತಮ್ಮ ಪಟ್ಟಿ ತೆಗೆದು ನೋಡಬೇಕಿತ್ತು, ಆ ಸುದ್ದಿಯೂ ಕಾಲು ಸೆಕೆಂಡಿಗೊಮ್ಮೆ ಬಂದರೆ ಬಂತು. ಬಸ್ಸಿನಲ್ಲಿ ಕೂತು ‘ನಮ್ಮ ಸ್ಟಾಪ್ ಬಂತಾ, ಬಂತಾ’ ಎಂದು ಕಿಟಕಿಯಾಚೆ ಇಣುಕುತ್ತಿರುವುದಕ್ಕೂ, ಸ್ಟಾಪ್ ಬಂದಾಗ ಕಂಡಕ್ಟರೇ ಕೂಗಿ ಹೇಳುವುದಕ್ಕೂ ಇರುವ ವ್ಯತ್ಯಾಸ ಇದು. ಕೂಗಿ ಹೇಳಿದ ಮೇಲೆ ಏನು ಮಾಡಬೇಕು ಎಂಬುದು ಪುಟ ಬರೆದವರಿಗೆ ಬಿಟ್ಟದ್ದು. ಸಾಲನ್ನು ಪುಟದಲ್ಲಿ ಎಲ್ಲಿ ಬೇಕಾದರೂ, ಎಷ್ಟು ದೊಡ್ಡದಾಗಿ ಬೇಕಾದರೂ ಬರೆಯಬಹುದು. ಉಪನ್ಯಾಸದ ಜೊತೆ ಸ್ಲೈಡ್ ಬದಲಿಸಬಹುದು. ತೋರಿಸುವ ಸಾಲುಗಳೇ ಇಲ್ಲದೆ, ಬರೀ ಸೂಚನೆಗಳಿಗಾಗಿಯೇ ಇರುವ ‘ಮೆಟಾಡೇಟಾ’ ಎಂಬ ಬಗೆಯ ಟ್ರ್ಯಾಕನ್ನೂ ಇಡಬಹುದು. ಇದೆಲ್ಲ ಬ್ರೌಸರುಗಳಿಗೆ ಒಟ್ಟಿಗೆ ಬಂದದ್ದಲ್ಲ. ಫೈರ್‌ಫಾಕ್ಸಿಗೆ 2014ರಲ್ಲಿ, 31ನೆಯ ಆವೃತ್ತಿಯಲ್ಲಿ ಬಂತು. ಅದರ ಕೆಲಸದಲ್ಲಿ ಟೊರೊಂಟೊದ ಸೆನೆಕಾ ಕಾಲೇಜಿನ ವಿದ್ಯಾರ್ಥಿಗಳ ಕೈಯಿದ್ದದ್ದು ನನಗೆ ಯಾಕೋ ಸಮಾಧಾನ ಕೊಡುವ ವಿಷಯ.

ನನ್ನ ಪುಟಕ್ಕೆ ಬೇಕಾದದ್ದು ಇದೇ. ಟ್ರ್ಯಾಕಿಗೆ ಮೂರು ಸ್ಥಿತಿಗಳಿವೆ: ಆರಿದ್ದು, ಅಡಗಿದ್ದು, ಕಾಣುವುದು. ಆರಿದ್ದರೆ ಸೂಚನೆಯೇ ಬರುವುದಿಲ್ಲ. ಅಡಗಿದ್ದರೆ ಬ್ರೌಸರ್ ತಾನೇನೂ ಬರೆಯುವುದಿಲ್ಲ, ಆದರೆ ಸೂಚನೆ ಕೊಡುತ್ತಲೇ ಇರುತ್ತದೆ. ಅಡಗಿಸಿಟ್ಟೆ. ಸೂಚನೆ ಬಂದಾಗ ಸಾಲನ್ನು ಪುಟದ ನಡುವೆ ದೊಡ್ಡಕ್ಷರದಲ್ಲಿ ಬರೆಯುವಂತೆ ಏಳೆಂಟು ಸಾಲಿನ ಸ್ಕ್ರಿಪ್ಟ್ ಬರೆದೆ. ಅಕ್ಷರ ಮೂಡಿತು. ಚಿತ್ರವಿಲ್ಲದ ಧ್ವನಿಗೆ ಮೊದಲ ಸಲ ಒಂದು ಮುಖ ಬಂದಂತಾಯಿತು.

ದೊಡ್ಡಪ್ಪನನ್ನು ಕೂರಿಸಿ ತೋರಿಸಿದೆ. ಐದು ನಿಮಿಷಕ್ಕೆ ಕೈ ಎತ್ತಿದರು. ‘ವಾಲಿ ಪ್ರಶ್ನೆ ಕೇಳಿ ಸುಮ್ಮನಾಗಿದ್ದಾನೆ. ಅಕ್ಷರ ಎಂತಕ್ಕೆ ಇನ್ನೂ ನಿಂತದ್ದು?’ ಕಿವಿ ಕೇಳದವರಿಗೆ ಅಲ್ಲಿ ಮೌನವಿದೆಯೆಂದು ಹೇಗೆ ಗೊತ್ತು? ನೆನಪಿನಿಂದ. ತಪ್ಪು ನನ್ನದೇ ಆಗಿತ್ತು. ಸಾಲು ಮುಗಿದಾಗಲೂ ಸೂಚನೆ ಬರುತ್ತದೆ, ಆಗ ನಡೆಯುತ್ತಿರುವ ಕ್ಯೂಗಳ ಪಟ್ಟಿ ಖಾಲಿಯಾಗಿರುತ್ತದೆ. ನಾನು ಖಾಲಿ ಪಟ್ಟಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಪಟ್ಟಿ ಖಾಲಿಯಾದರೆ ಪುಟವೂ ಖಾಲಿಯಾಗಲಿ ಎಂದು ತಿದ್ದಿದೆ. ಪ್ರಶ್ನೆ ಕೇಳಿದ ವಾಲಿ ಆರು ಸೆಕೆಂಡು ಸುಮ್ಮನಿದ್ದ, ಪುಟವೂ ಆರು ಸೆಕೆಂಡು ಬೆಳ್ಳಗೆ ನಿಂತಿತು. ದೊಡ್ಡಪ್ಪ ಆ ಬಿಳಿಯನ್ನು ನೋಡುತ್ತ ತಲೆಯಾಡಿಸಿದರು.

ಇನ್ನೊಂದು ತಪ್ಪೂ ಇತ್ತು. ನಡೆಯುತ್ತಿರುವ ಕ್ಯೂ ಒಂದಲ್ಲ, ಪಟ್ಟಿ ಎಂದೆನಲ್ಲ. ಅದು ಪಟ್ಟಿಯಾಗಿರುವುದು ಇಬ್ಬರು ಒಟ್ಟಿಗೆ ಮಾತಾಡುವುದುಂಟು ಎಂಬ ಕಾರಣಕ್ಕೆ. ನನ್ನ ಸ್ಕ್ರಿಪ್ಟ್ ಪಟ್ಟಿಯ ಮೊದಲನೆಯದನ್ನು ಮಾತ್ರ ಬರೆಯುತ್ತಿತ್ತು. ಅಂದರೆ ಮೂವತ್ತು ಚಿಲ್ಲರೆ ವರ್ಷಗಳ ತಕರಾರಿನ ಜಾಗದಲ್ಲೇ ಒಬ್ಬರ ಬಾಯಿ ಮುಚ್ಚಿಸುತ್ತಿತ್ತು. ಪಟ್ಟಿಯನ್ನು ಪೂರ್ತಿ ಬರೆಯುವಂತೆ ಮಾಡಿದೆ, ವಾಲಿ ಎಡಕ್ಕೆ, ರಾಮ ಬಲಕ್ಕೆ. ಮತ್ತೆ ಮೊದಲಿನಿಂದ ಹಾಕಿದೆ.

ಆ ಘಟ್ಟ ಬಂತು. ಎಡಗಡೆ ವಾಲಿಯ ಸಾಲು ಇನ್ನೂ ಇರುವಾಗಲೇ ಬಲಗಡೆ ರಾಮನ ಸಾಲು ಮೂಡಿತು. ‘ಕಂಡಿಯಾ!’ ಎಂದು ದೊಡ್ಡಪ್ಪ ಮೇಜು ಕುಟ್ಟಿದರು. ಮಾಸ್ಟ್ರು ಬಾಯಿ ಹಾಕಿದ್ದು ನಿಜ, ಸೆಕೆಂಡಿಗೂ ಕಡಿಮೆ ಹೊತ್ತು. ಆದರೆ ನಾನು ಫೈಲ್ ಬರೆದವಳು, ಮುಂದೆ ಬರುವುದು ನನಗೆ ಗೊತ್ತಿತ್ತು. ಎರಡು ನಿಮಿಷ ಕಳೆದು ರಾಮ ಉತ್ತರ ಹೇಳುತ್ತಿರುವಾಗ ಎಡಗಡೆ ವಾಲಿ ಮೂಡಿದ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಮೂರನೆಯ ಸಲ ಬಲಗಡೆಯ ಸಾಲು ಅರ್ಧಕ್ಕೇ ನಿಂತುಹೋಯಿತು, ಮಾಸ್ಟ್ರು ಅದನ್ನು ಮುಗಿಸಲೇ ಇಲ್ಲ.

ದೊಡ್ಡಪ್ಪ ಸುಮ್ಮನೆ ಕೂತಿದ್ದರು. ಆಮೇಲೆ, ‘ಈ ಹೊತ್ತೆಲ್ಲ ಹಾಕಿದ್ದು ಯಾರು?’ ಎಂದರು. ನಾನೇ, ಕಿವಿಯಿಂದ ಕೇಳಿ, ಒಂದೊಂದಾಗಿ ಹಾಕಿದ್ದು ಎಂದು ಬರೆದು ತೋರಿಸಿದೆ. ಕಾಲು ಸೆಕೆಂಡು ಅತ್ತಿತ್ತ ಆಗಿರಬಹುದು ಎಂದೂ ಬರೆದೆ. ಅವರು ಓದಿ, ಕನ್ನಡಕ ಒರೆಸಿಕೊಂಡು, ಕುರ್ಚಿಯನ್ನು ಪರದೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು.

‘ಮಾಸ್ಟ್ರು ನಿಲ್ಲಿಸಿದ್ದು ಇನ್ನೊಮ್ಮೆ ಹಾಕು.’